ಬ್ಯಾಟರಿಯೋ, ಡೈನಮೋವೋ? ಹಳೆಯ ಟ್ರಾಕ್ಟರಿನ ವಿದ್ಯುದ್ದೋಷವನ್ನು ಹುಡುಕುವ ಬಗೆ

ಕಾರ್ತಿಕ ಮಾಸದ ಕಡೆಯ ಸೋಮವಾರ ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿಯ ಮುಂದೆ ಕಡಲೆಕಾಯಿ ಪರಿಷೆ ನೆರೆಯುತ್ತದೆ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿಗಳ ರೈತರು ತಮ್ಮ ಹೊಲದ ಕಡಲೆಕಾಯನ್ನು ಬಸವನಿಗೆ ಒಪ್ಪಿಸುತ್ತಿದ್ದುದೇ ಈ ಪರಿಷೆಯ ಮೂಲವೆಂದು ಐತಿಹ್ಯ. ಆ ಹೊಲಗಳೆಲ್ಲ ಈಗ ಬೀದಿಗಳಾಗಿವೆ. ಗುಡಿಯಿಂದ ಕಾಲ್ನಡಿಗೆಯ ದೂರದಲ್ಲಿರುವ ತ್ಯಾಗರಾಜನಗರದ ವಿದ್ಯಾರ್ಥಿಗೆ ಉಳುಮೆಯೆಂಬುದು ಪುಸ್ತಕದಲ್ಲಿ ಓದುವ ವಿಷಯವಾಗಿದೆ. ಆದರೆ ಕನಕಪುರದ ರಸ್ತೆಯನ್ನು ಹಿಡಿದು ದಕ್ಷಿಣಕ್ಕೆ ಹೋದರೆ ಕೆಂಪು ಮಣ್ಣಿನ ರಾಗಿ ಹೊಲಗಳೂ ಅವುಗಳಲ್ಲಿ ದುಡಿಯುವ ಟ್ರಾಕ್ಟರುಗಳೂ ಕಣ್ಣಿಗೆ ಬೀಳುತ್ತವೆ. ಅವುಗಳಲ್ಲಿ ಕೆಲವು ಇಂದಿನ ವಿದ್ಯಾರ್ಥಿಗಳ ತಂದೆಯರಿಗಿಂತಲೂ ಹಿರಿಯವು. ಕಾಲೇಜಿನಲ್ಲಿ ಫ್ಯಾರಡೆಯ ನಿಯಮವನ್ನು ಕಲಿಯುತ್ತಿರುವವನು ಆ ನಿಯಮದ ಪ್ರಯೋಗವನ್ನು ಕಾಣಬೇಕಾದರೆ ಇಂಥ ಹಳೆಯ ಟ್ರಾಕ್ಟರಿಗಿಂತ ಉತ್ತಮವಾದ ಯಂತ್ರ ಸಿಕ್ಕುವುದು ಕಷ್ಟ. ಅದರಲ್ಲಿ ಎಲ್ಲವೂ ಬಯಲಿನಲ್ಲಿದೆ. ತಂತಿಗಳನ್ನು ಎಣಿಸಬಹುದು, ತಿರುಪುಗಳನ್ನು ಬಿಚ್ಚಿ ಒಳಗೆ ನೋಡಬಹುದು.

ಮದ್ರಾಸಿನಲ್ಲಿ ೧೯೬೦ರಲ್ಲಿ ಸ್ಥಾಪಿತವಾದ ಟ್ರಾಕ್ಟರ್ಸ್ ಅಂಡ್ ಫಾರ್ಮ್ ಇಕ್ವಿಪ್‌ಮೆಂಟ್ ಸಂಸ್ಥೆ, ಎಂದರೆ 'ಟಾಫೆ', ಬ್ರಿಟನ್ನಿನ ಮ್ಯಾಸಿ ಫರ್ಗುಸನ್ ೩೫ರ ವಂಶಕ್ಕೆ ಸೇರಿದ ೧೦೩೫ ಎಂಬ ಟ್ರಾಕ್ಟರನ್ನು ನಮ್ಮ ದೇಶದಲ್ಲಿ ತಯಾರಿಸಿತು. ಅದರ ಮರುವರ್ಷವೇ ಅಲ್ಲಿಯ ಪಾಡಿಯಲ್ಲಿ ಲ್ಯೂಕಾಸ್-ಟಿವಿಎಸ್ ಹುಟ್ಟಿ, ವಾಹನಗಳಿಗೆ ಬೇಕಾದ ಡೈನಮೋ, ಸ್ಟಾರ್ಟರ್ ಮುಂತಾದುವನ್ನು ಮಾಡತೊಡಗಿತು. ಬ್ರಿಟಿಷ್ ಮನೆತನದ ಹಳೆಯ ಟ್ರಾಕ್ಟರುಗಳಲ್ಲಿ ಕಾಣುವುದು ಸಾಮಾನ್ಯವಾಗಿ ಈ ಲ್ಯೂಕಾಸ್ ಮಾದರಿಯ ಏರ್ಪಾಡು. ಈ ಲೇಖನದಲ್ಲಿ ವಿವರಿಸಿರುವುದೂ ಅದನ್ನೇ.

ಸಮಸ್ಯೆ ಹೀಗಿದೆಯೆಂದು ಇಟ್ಟುಕೊಳ್ಳೋಣ. ಮುಂಗಾರಿನ ಹದವಾದ ಮಳೆ ಬಿದ್ದಿದೆ. ನೆಲದಲ್ಲಿ ತೇವವಿರುವ ನಾಲ್ಕೈದು ದಿನಗಳೊಳಗೆ ಉತ್ತು ಬಿತ್ತಬೇಕು. ನಿನ್ನೆ ಸಂಜೆಯವರೆಗೆ ಸೊಗಸಾಗಿ ಉತ್ತ ಟ್ರಾಕ್ಟರು ಇಂದು ಬೆಳಗ್ಗೆ ಗುಂಡಿಯನ್ನೊತ್ತಿದರೆ ಒಮ್ಮೆ ನರಳಿ ಸುಮ್ಮನಾಗುತ್ತದೆ. ರೈತನು ಬ್ಯಾಟರಿ ಕೆಟ್ಟಿತೆಂದು ಭಾವಿಸಿ, ಸಾಲ ಮಾಡಿ ಹೊಸದನ್ನು ತರುತ್ತಾನೆ. ಮೂರು ವಾರ ಎಲ್ಲವೂ ಸರಿಯಾಗಿರುತ್ತದೆ. ನಾಲ್ಕನೆಯ ವಾರ ಮತ್ತೆ ಅದೇ ಕಥೆ. ಆಗ ಯಾರೋ ಡೈನಮೋವನ್ನು ಬದಲಿಸೆನ್ನುತ್ತಾರೆ, ಇನ್ನಾರೋ ನಿಯಂತ್ರಕದ ಪೆಟ್ಟಿಗೆಯನ್ನು ಬದಲಿಸೆನ್ನುತ್ತಾರೆ. ಮೂರನ್ನೂ ಕೊಂಡ ಮೇಲೆ ನಿಜವಾದ ದೋಷ ತುಕ್ಕು ಹಿಡಿದ ಒಂದು ತಿರುಪಿನಲ್ಲಿದ್ದುದು ಗೊತ್ತಾಗುವುದುಂಟು. ಈ ಖರ್ಚನ್ನು ತಪ್ಪಿಸಲು ಬೇಕಾದುದು ಒಂದು ವೋಲ್ಟ್‌ಮೀಟರು, ಒಂದು ಹೈಡ್ರಾಮೀಟರು ಮತ್ತು ಸ್ವಲ್ಪ ತಾಳ್ಮೆ.

ಮೊದಲು ಒಂದು ಲೆಕ್ಕವನ್ನು ಮಾಡಿ ನೋಡೋಣ. ಡೀಸೆಲ್ ಎಂಜಿನನ್ನು ತಿರುಗಿಸುವಾಗ ಸ್ಟಾರ್ಟರು ಸುಮಾರು ೩೦೦ ಆಂಪಿಯರುಗಳಷ್ಟು ಪ್ರವಾಹವನ್ನು ಎಳೆಯಬಹುದು. ಹತ್ತು ಸೆಕೆಂಡು ತಿರುಗಿಸಿದರೆ ಬ್ಯಾಟರಿಯಿಂದ ೩೦೦೦ ಕೂಲಂಬು ವಿದ್ಯುತ್ತು ಖರ್ಚಾಗುತ್ತದೆ. ಡೈನಮೋ ೧೦ ಆಂಪಿಯರುಗಳನ್ನು ಕೊಡುತ್ತಿದ್ದರೆ ಅಷ್ಟನ್ನು ಹಿಂದಕ್ಕೆ ತುಂಬಲು ೩೦೦ ಸೆಕೆಂಡು, ಎಂದರೆ ಐದು ನಿಮಿಷ ಸಾಕು. ತುಂಬುವಾಗ ಆಗುವ ನಷ್ಟವನ್ನು ಸೇರಿಸಿ ಹತ್ತು ನಿಮಿಷವೆಂದೇ ಎಣಿಸಿದರೂ, ಇಡೀ ದಿನ ಉತ್ತ ಟ್ರಾಕ್ಟರಿನ ಬ್ಯಾಟರಿ ಬೆಳಗಾಗುವಷ್ಟರಲ್ಲಿ ಬರಿದಾಗಿರಲು ಕಾರಣವಿಲ್ಲ. ಬರಿದಾಗಿದ್ದರೆ ಮೂರರಲ್ಲಿ ಒಂದು ನಡೆದಿರಬೇಕು: ತುಂಬುವಿಕೆಯೇ ಆಗಿಲ್ಲ, ತುಂಬಿದ್ದು ರಾತ್ರಿ ಸೋರಿಹೋಗಿದೆ, ಅಥವಾ ಬ್ಯಾಟರಿಗೆ ಹಿಡಿದಿಟ್ಟುಕೊಳ್ಳುವ ಶಕ್ತಿಯಿಲ್ಲ.

ಸಂಜೆಯವರೆಗೆ ಈ ದೋಷ ಏಕೆ ತಿಳಿಯಲಿಲ್ಲ ಎಂದು ವಾಚಕರು ಕೇಳಬಹುದು. ಪೆಟ್ರೋಲ್ ಎಂಜಿನ್ನಿಗೆ ಕಿಡಿ ಬೇಕು. ಬ್ಯಾಟರಿ ಬರಿದಾದರೆ ಅಂಥ ಎಂಜಿನ್ನು ದಾರಿಯಲ್ಲಿಯೇ ನಿಂತು ತನ್ನ ದೋಷವನ್ನು ಸಾರುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಒತ್ತಿದ ಗಾಳಿಯ ಶಾಖದಿಂದಲೇ ಇಂಧನವು ಹೊತ್ತಿಕೊಳ್ಳುತ್ತದೆ. ಒಮ್ಮೆ ಓಡತೊಡಗಿದ ಮೇಲೆ ಅದಕ್ಕೆ ವಿದ್ಯುತ್ತಿನ ಹಂಗಿಲ್ಲ. ಆದುದರಿಂದ ಟ್ರಾಕ್ಟರು ತನ್ನ ವಿದ್ಯುದ್ರೋಗವನ್ನು ದಿನವಿಡೀ ಮುಚ್ಚಿಟ್ಟುಕೊಂಡು, ಮರುದಿನ ಬೆಳಗ್ಗೆ ಹೊರಗೆಡಹುತ್ತದೆ.

ಪರೀಕ್ಷೆಯನ್ನು ಬ್ಯಾಟರಿಯಿಂದ ಆರಂಭಿಸತಕ್ಕದ್ದು. ಸೀಸದ ಬ್ಯಾಟರಿಯಲ್ಲಿ ಒಂದು ಫಲಕ ಸೀಸ, ಇನ್ನೊಂದು ಸೀಸದ ಡೈಆಕ್ಸೈಡು, ಅವೆರಡೂ ಮುಳುಗಿರುವುದು ದುರ್ಬಲ ಗಂಧಕಾಮ್ಲದಲ್ಲಿ. ವಿದ್ಯುತ್ತು ಖರ್ಚಾದಂತೆ ಎರಡು ಫಲಕಗಳ ಮೇಲೂ ಸೀಸದ ಸಲ್ಫೇಟು ಕೂಡುತ್ತ, ಆಮ್ಲವು ಕರಗಿ ನೀರು ಹೆಚ್ಚುತ್ತದೆ. ಆಮ್ಲ ನೀರಿಗಿಂತ ಭಾರವಾದುದರಿಂದ ದ್ರವದ ಸಾಪೇಕ್ಷ ಸಾಂದ್ರತೆಯೇ ಬ್ಯಾಟರಿಯ ಸ್ಥಿತಿಯನ್ನು ತಿಳಿಸುತ್ತದೆ. ನಮ್ಮಂಥ ಉಷ್ಣ ದೇಶಗಳಿಗಾಗಿ ಮಾಡಿದ ಬ್ಯಾಟರಿ ಪೂರ್ತಿ ತುಂಬಿದಾಗ ಹೈಡ್ರಾಮೀಟರು ೧.೨೪ರ ಆಸುಪಾಸನ್ನೂ ಬರಿದಾದಾಗ ೧.೧ರ ಆಸುಪಾಸನ್ನೂ ತೋರಿಸುತ್ತದೆ. ಆರು ಕೋಶಗಳನ್ನೂ ಒಂದೊಂದಾಗಿ ಅಳೆಯಬೇಕು. ಆರೂ ಸಮವಾಗಿ ಇಳಿದಿದ್ದರೆ ಬ್ಯಾಟರಿಗೆ ಊಟ ಸಿಕ್ಕಿಲ್ಲವೆಂದು ಅರ್ಥ. ದೋಷವು ಬೇರೆಡೆ ಇದೆ. ಐದು ಸರಿಯಾಗಿದ್ದು ಒಂದು ಮಾತ್ರ ಬಹಳ ಇಳಿದಿದ್ದರೆ ಆ ಕೋಶವೇ ಕೆಟ್ಟಿದೆ. ಅರ್ಧ ಬರಿದಾದ ಬ್ಯಾಟರಿಯನ್ನು ವಾರಗಟ್ಟಲೆ ಹಾಗೆಯೇ ಬಿಟ್ಟರೆ ಮೆದುವಾದ ಸಲ್ಫೇಟು ಗಟ್ಟಿ ಹರಳಾಗಿ, ಮತ್ತೆ ಕರಗಲೊಲ್ಲದು. ರೈತನ ಹೊಸ ಬ್ಯಾಟರಿ ಸಾಯುವುದು ಹೆಚ್ಚಾಗಿ ಹೀಗೆ. ಬ್ಯಾಟರಿಯ ಸಾವು ಇಲ್ಲಿ ರೋಗದ ಕಾರಣವಲ್ಲ, ಪರಿಣಾಮ.

ಎಚ್ಚರಿಕೆಯ ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ತುಂಬುತ್ತಿರುವ ಬ್ಯಾಟರಿಯಿಂದ ಜಲಜನಕವೂ ಆಮ್ಲಜನಕವೂ ಹೊರಬೀಳುತ್ತವೆ. ಅದರ ಬಳಿ ಬೀಡಿಯಾಗಲಿ ಕಿಡಿಯಾಗಲಿ ಕೂಡದು. ಅದಕ್ಕಿಂತಲೂ ಭಯಂಕರವಾದ ಒಂದು ಅಭ್ಯಾಸವಿದೆ. ಬ್ಯಾಟರಿ ದುರ್ಬಲವಾದಾಗ ಕೆಲವರು ಚಕ್ರದ ಪಕ್ಕದಲ್ಲಿ ನೆಲದ ಮೇಲೆ ನಿಂತು, ಸ್ಟಾರ್ಟರಿನ ಎರಡು ಕಂಬಗಳಿಗೆ ಸ್ಕ್ರೂಡ್ರೈವರನ್ನು ಅಡ್ಡ ಹಿಡಿದು ಎಂಜಿನನ್ನು ಚಾಲೂ ಮಾಡುತ್ತಾರೆ. ಗೇರು ಬಿದ್ದಿದ್ದರೆ ಟ್ರಾಕ್ಟರು ಆ ಕ್ಷಣವೇ ಮುಂದಕ್ಕೆ ನೆಗೆಯುತ್ತದೆ, ಹಿಂದಿನ ಚಕ್ರ ನಿಂತವನ ಮೇಲೆ ಹರಿಯುತ್ತದೆ. ಹೀಗೆ ಪ್ರಾಣ ಕಳೆದುಕೊಂಡವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಬ್ಯಾಟರಿ ತುಂಬದಿರುವ ದೋಷವನ್ನು ಚಿಕ್ಕದೆಂದು ತಳ್ಳಿಹಾಕಬಾರದೆನ್ನಲು ಇದೂ ಒಂದು ಕಾರಣ.

ಬ್ಯಾಟರಿ ಸರಿಯಿದ್ದರೆ, ಎಂಜಿನನ್ನು ನಿಲ್ಲಿಸಿ ಪಟ್ಟಿಯನ್ನು ಬೆರಳಿನಿಂದ ಒತ್ತಿ ನೋಡಬೇಕು. ಅದು ಅರ್ಧ ಅಂಗುಲಕ್ಕಿಂತ ಬಹಳ ಹೆಚ್ಚಾಗಿ ಬಗ್ಗಿದರೆ, ಅಥವಾ ಅದರ ಒಳಮೈ ಗಾಜಿನಂತೆ ನುಣುಪಾಗಿದ್ದರೆ, ಡೈನಮೋ ತಕ್ಕ ವೇಗದಲ್ಲಿ ತಿರುಗುತ್ತಿಲ್ಲ. ಇದು ಸುಲಭವಾದ ವಿಷಯ. ಮುಂದಿನದು ಸ್ವಾರಸ್ಯವಾದದ್ದು.

ಕಾಂತಕ್ಷೇತ್ರದಲ್ಲಿ ತಂತಿಯ ಸುರುಳಿಯನ್ನು ತಿರುಗಿಸಿದರೆ ಅದರಲ್ಲಿ ವಿದ್ಯುತ್ತು ಹುಟ್ಟುತ್ತದೆಂಬುದನ್ನು ಫ್ಯಾರಡೆ ೧೮೩೧ರಲ್ಲಿ ಕಂಡುಹಿಡಿದನು. ಡೈನಮೋವಿನಲ್ಲಿ ತಿರುಗುವ ಭಾಗ ಆರ್ಮೇಚರು. ಅದರಲ್ಲಿ ಹುಟ್ಟಿದ ವಿದ್ಯುತ್ತನ್ನು ತಾಮ್ರದ ಪಟ್ಟಿಕೆಗಳ ದಿಕ್ಪರಿವರ್ತಕದಿಂದ ಇಂಗಾಲದ ಬ್ರಷ್ಷುಗಳು ಹೊರಕ್ಕೆ ತರುತ್ತವೆ. ಹಾಗಾದರೆ ಕಾಂತಕ್ಷೇತ್ರ ಎಲ್ಲಿಂದ ಬಂದಿತು? ಒಳಗೆ ಶಾಶ್ವತ ಅಯಸ್ಕಾಂತವಿಲ್ಲ. ಕಬ್ಬಿಣದ ಎರಡು ಧ್ರುವಗಳ ಸುತ್ತ ತಂತಿಯ ಸುರುಳಿಗಳಿವೆ. ಅವುಗಳಿಗೆ ಕ್ಷೇತ್ರಸುರುಳಿಗಳೆಂದು ಹೆಸರು. ಅವುಗಳಲ್ಲಿ ಪ್ರವಾಹ ಹರಿದರೆ ಕಬ್ಬಿಣವು ಅಯಸ್ಕಾಂತವಾಗುತ್ತದೆ. ಆ ಪ್ರವಾಹವನ್ನು ಕೊಡುವುದು ಅದೇ ಡೈನಮೋ. ಕ್ಷೇತ್ರವಿಲ್ಲದೆ ವಿದ್ಯುತ್ತಿಲ್ಲ, ವಿದ್ಯುತ್ತಿಲ್ಲದೆ ಕ್ಷೇತ್ರವಿಲ್ಲ. ಬೀಜವೃಕ್ಷ ನ್ಯಾಯವೆಂದು ನಮ್ಮ ಹಿರಿಯರು ಹೇಳುತ್ತಿದ್ದುದು ಇದನ್ನೇ.

ಈ ಗಂಟನ್ನು ಬಿಡಿಸಿದ್ದು ಕಬ್ಬಿಣದ ಒಂದು ಗುಣ. ಒಮ್ಮೆ ಅಯಸ್ಕಾಂತವಾಗಿದ್ದ ಕಬ್ಬಿಣವು ಪ್ರವಾಹ ನಿಂತ ಮೇಲೂ ತನ್ನ ಕಾಂತತ್ವದ ಅಲ್ಪಾಂಶವನ್ನು ಉಳಿಸಿಕೊಳ್ಳುತ್ತದೆ. ಇದಕ್ಕೆ ಶೇಷಕಾಂತತ್ವವೆಂದು ಹೆಸರು. ಜರ್ಮನಿಯ ವೆರ್ನರ್ ಸೀಮೆನ್ಸ್, ಇಂಗ್ಲೆಂಡಿನ ವೀಟ್‌ಸ್ಟನ್ ಮತ್ತು ವಾರ್ಲಿ ಇವರು ೧೮೬೬-೬೭ರಲ್ಲಿ ಬೇರೆ ಬೇರೆಯಾಗಿಯೇ ಈ ಶೇಷದಿಂದ ಡೈನಮೋವನ್ನು ಎಚ್ಚರಿಸಬಹುದೆಂದು ತೋರಿಸಿದರು. ನಮ್ಮ ಟ್ರಾಕ್ಟರಿನಲ್ಲಿ ಅದು ನಡೆಯುವ ಬಗೆ ಹೀಗೆ. ಎಂಜಿನ್ನು ತಿರುಗಿದಾಗ ಶೇಷಕಾಂತತ್ವವೊಂದರಿಂದಲೇ ಬ್ರಷ್ಷುಗಳಲ್ಲಿ ಸುಮಾರು ೨ ವೋಲ್ಟು ಹುಟ್ಟುತ್ತದೆನ್ನೋಣ. ಕ್ಷೇತ್ರಸುರುಳಿಯ ರೋಧ ಸುಮಾರು ೬ ಓಮು. ಓಮನ ನಿಯಮದಂತೆ ಅದರಲ್ಲಿ ಆಂಪಿಯರಿನ ಮೂರನೆಯ ಒಂದು ಭಾಗ ಹರಿಯುತ್ತದೆ. ಇಷ್ಟರಿಂದ ಕ್ಷೇತ್ರವು ಕೊಂಚ ಬಲಗೊಂಡು ವೋಲ್ಟೇಜು ಏರುತ್ತದೆ. ಏರಿದ ವೋಲ್ಟೇಜು ಕ್ಷೇತ್ರಕ್ಕೆ ಇನ್ನಷ್ಟು ಪ್ರವಾಹವನ್ನು ಕೊಡುತ್ತದೆ. ಬಡ್ಡಿಯ ಮೇಲೆ ಬಡ್ಡಿ ಬೆಳೆದಂತೆ ಒಂದೆರಡು ಸೆಕೆಂಡುಗಳಲ್ಲಿ ೨ ವೋಲ್ಟು ೧೨ಕ್ಕೂ ಮೀರುತ್ತದೆ.

ಈ ವಿವರಣೆಯನ್ನು ಮನಸ್ಸಿನಲ್ಲಿಟ್ಟುಕೊಂಡವನಿಗೆ ಡೈನಮೋವಿನ ಪರೀಕ್ಷೆಯ ಅರ್ಥ ತಾನಾಗಿಯೇ ಹೊಳೆಯುತ್ತದೆ. ಡೈನಮೋವಿನ ಹಿಂಭಾಗದಲ್ಲಿ ಎರಡು ತುದಿಗಳಿವೆ: ದೊಡ್ಡದು 'ಡಿ', ಆರ್ಮೇಚರಿನದು, ಚಿಕ್ಕದು 'ಎಫ್', ಕ್ಷೇತ್ರಸುರುಳಿಯದು. ಸುರುಳಿಯ ಇನ್ನೊಂದು ಕೊನೆ ಒಳಗೆ ಮೈಗೆ ಸೇರಿದೆ. ಎರಡು ತಂತಿಗಳನ್ನೂ ಕಳಚಿ, ಡಿ ಮತ್ತು ಎಫ್ ತುದಿಗಳನ್ನು ಒಂದು ಚಿಕ್ಕ ತಂತಿಯಿಂದ ಜೋಡಿಸಬೇಕು. ಸಾಮಾನ್ಯವಾಗಿ ಈ ಜೋಡಣೆಯನ್ನು ಮಾಡುವುದು ನಿಯಂತ್ರಕ; ಈಗ ಅದನ್ನು ದೂರವಿಟ್ಟು ಡೈನಮೋವನ್ನು ಒಂಟಿಯಾಗಿ ಪ್ರಶ್ನಿಸುತ್ತಿದ್ದೇವೆ. ವೋಲ್ಟ್‌ಮೀಟರಿನ ಒಂದು ತಂತಿಯನ್ನು ಈ ಜೋಡಣೆಗೂ ಇನ್ನೊಂದನ್ನು ಡೈನಮೋವಿನ ಬರಿಮೈಗೂ ಸೇರಿಸಿ, ಎಂಜಿನನ್ನು ನಿಧಾನವಾಗಿ ಓಡಿಸಿ, ನಿಮಿಷಕ್ಕೆ ಸಾವಿರ ಸುತ್ತುಗಳವರೆಗೆ ಮೆಲ್ಲನೆ ಏರಿಸಬೇಕು. ಮುಳ್ಳು ೨೦ ವೋಲ್ಟನ್ನು ತಲಪಲು ಬಿಡಬಾರದು; ಅದು ಏಳದಿದ್ದರೆ ಏಳಲೆಂದು ಎಂಜಿನನ್ನು ಅಬ್ಬರಿಸುವುದೂ ಕೂಡದು.

ಮುಳ್ಳು ಸರಸರನೆ, ನಡುಗದೆ ೧೫ರ ಮೇಲಕ್ಕೆ ಏರಿದರೆ ಡೈನಮೋ ಆರೋಗ್ಯವಾಗಿದೆ. ಅದನ್ನು ಬಿಚ್ಚುವ ಅಗತ್ಯವಿಲ್ಲ, ಬದಲಿಸುವ ಮಾತಂತೂ ದೂರವಿರಲಿ. ಮುಳ್ಳು ಅರ್ಧ ವೋಲ್ಟು, ಒಂದು ವೋಲ್ಟಿನಲ್ಲಿಯೇ ನಿಂತರೆ ಏನು? ಶೇಷಕಾಂತತ್ವವಿದೆ, ಆರ್ಮೇಚರು ಅದನ್ನು ಕತ್ತರಿಸುತ್ತಿದೆ, ಬ್ರಷ್ಷುಗಳು ಮುಟ್ಟುತ್ತಿವೆ. ಆದರೆ ಬಡ್ಡಿ ಬೆಳೆಯುತ್ತಿಲ್ಲ. ಎಂದರೆ ಕ್ಷೇತ್ರಸುರುಳಿಯಲ್ಲಿ ಪ್ರವಾಹವಿಲ್ಲ, ಅದು ಎಲ್ಲಿಯೋ ಕಡಿದಿರಬೇಕು ಅಥವಾ ಮೈಗೆ ತಾಗಿರಬೇಕು. ನಾಲ್ಕೈದು ವೋಲ್ಟಿಗೆ ಏರಿ ನಿಂತರೆ ಆರ್ಮೇಚರಿನ ಸುರುಳಿಗಳಲ್ಲಿ ಕೆಲವು ಸುಟ್ಟು ಒಂದಕ್ಕೊಂದು ತಾಗಿರುವ ಸಂದೇಹ ಬಲವಾಗುತ್ತದೆ. ಏರುವಾಗ ಮುಳ್ಳು ಕುಣಿದರೆ ದಿಕ್ಪರಿವರ್ತಕದ ಮೇಲೆ ಎಣ್ಣೆಯೋ ಧೂಳೋ ಕೂತಿದೆ. ಉಳುಮೆಯ ಧೂಳಿನಲ್ಲಿ ಇದು ತೀರ ಸಾಮಾನ್ಯ. ಹಿಂದಿನ ಬೇರಿಂಗಿಗೆ ಕೆಲವೇ ಹನಿ ಎಣ್ಣೆ ಸಾಕಾಗಿದ್ದರೂ ಧಾರಾಳವಾಗಿ ಸುರಿಯುವ ಮಹನೀಯರು ಈ ದೋಷಕ್ಕೆ ಹೆಚ್ಚು ಹೊಣೆ. ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಬ್ರಷ್ಷುಗಳು ತಮ್ಮ ಗೂಡುಗಳಲ್ಲಿ ಸರಾಗವಾಗಿ ಜಾರುವಂತೆ ಮಾಡಿದರೆ ಅನೇಕ 'ಸತ್ತ' ಡೈನಮೋಗಳು ಬದುಕುತ್ತವೆ. ಒರೆಸಿದ ಪೆಟ್ರೋಲು ಪೂರ್ತಿ ಆರುವವರೆಗೆ ಎಂಜಿನನ್ನು ಚಾಲೂ ಮಾಡಬಾರದು.

ಇನ್ನು ಉಳಿದುದು ಮುಳ್ಳು ಅಲುಗದೆಯೇ ಇರುವ ಸಂದರ್ಭ. ಬ್ರಷ್ಷುಗಳು ಸರಿಯಾಗಿ ಮುಟ್ಟುತ್ತಿದ್ದೂ ಹೀಗಾದರೆ, ಕಬ್ಬಿಣವು ತನ್ನ ಶೇಷಕಾಂತತ್ವವನ್ನು ಕಳೆದುಕೊಂಡಿರಬಹುದು. ವರ್ಷಗಟ್ಟಲೆ ಕೊಟ್ಟಿಗೆಯಲ್ಲಿ ನಿಂತ ಟ್ರಾಕ್ಟರಿನಲ್ಲಿ, ಬಲವಾಗಿ ಬಡಿದು ಬಿಚ್ಚಿದ ಡೈನಮೋವಿನಲ್ಲಿ ಇದು ಸಂಭವಿಸುತ್ತದೆ. ಯಂತ್ರದಲ್ಲಿ ಯಾವ ಭಾಗವೂ ಮುರಿದಿಲ್ಲ, ಸುಟ್ಟಿಲ್ಲ. ನೆನಪು ಮಾತ್ರ ಅಳಿಸಿಹೋಗಿದೆ. ಅದನ್ನು ಮರಳಿಸುವುದು ಒಂದು ಕ್ಷಣದ ಕೆಲಸ. ಡೈನಮೋವಿಗೆ ಬರುವ ತಂತಿಗಳು ಕಳಚಿರುವಂತೆಯೇ, ಎಂಜಿನ್ನು ನಿಂತಿರುವಾಗ, ಡಿ-ಎಫ್ ಜೋಡಣೆಯನ್ನು ತೆಗೆದು, ಬ್ಯಾಟರಿಯ ಮೈಗೆ ಸೇರದ ಧ್ರುವದಿಂದ ಒಂದು ತಂತಿಯನ್ನು ತಂದು ಎಫ್ ತುದಿಗೆ ಒಂದೆರಡು ಸೆಕೆಂಡು ಮುಟ್ಟಿಸಬೇಕು. ೧೨ ವೋಲ್ಟನ್ನು ೬ ಓಮಿನಿಂದ ಭಾಗಿಸಿದರೆ ೨ ಆಂಪಿಯರು, ಸುರುಳಿಗೆ ಅಪಾಯವಿಲ್ಲ. ತಂತಿಯನ್ನು ಮೊದಲು ಬ್ಯಾಟರಿಯ ಕಡೆ ಬಿಗಿದು, ಮುಟ್ಟಿಸುವುದನ್ನೂ ತೆಗೆಯುವುದನ್ನೂ ಡೈನಮೋವಿನ ಕಡೆಯೇ ಮಾಡಬೇಕು. ಏಕೆಂದರೆ ತೆಗೆಯುವಾಗ ಹಾರುವ ಕಿಡಿ ಬ್ಯಾಟರಿಯ ಬಳಿ ಹಾರಬಾರದು. ಅನಂತರ ಪರೀಕ್ಷೆಯನ್ನು ಮತ್ತೆ ಮಾಡಿದರೆ ಮುಳ್ಳು ಏಳುತ್ತದೆ.

ಈ ಕ್ರಿಯೆಯಲ್ಲಿ ದಿಕ್ಕು ಬಹಳ ಮುಖ್ಯ. ಹಳೆಯ ಬ್ರಿಟಿಷ್ ಟ್ರಾಕ್ಟರುಗಳಲ್ಲಿ ಅನೇಕವು ಬ್ಯಾಟರಿಯ ಧನಧ್ರುವವನ್ನು ಮೈಗೆ ಸೇರಿಸಿಕೊಂಡು ಹುಟ್ಟಿದವು. ಇಂದಿನ ಪದ್ಧತಿ ಋಣಧ್ರುವವನ್ನು ಸೇರಿಸುವುದು. ಬ್ಯಾಟರಿಯನ್ನು ತಿರುಗಿಸಿ ಕೂಡಿಸಿದವನು ಡೈನಮೋವಿಗೂ ಹೊಸ ದಿಕ್ಕನ್ನು ಕಲಿಸಬೇಕು. ಕಲಿಸದಿದ್ದರೆ ಡೈನಮೋ ಹಳೆಯ ದಿಕ್ಕಿನಲ್ಲಿಯೇ ವಿದ್ಯುತ್ತನ್ನು ಹುಟ್ಟಿಸುತ್ತದೆ. ನಿಯಂತ್ರಕದ ಪೆಟ್ಟಿಗೆಯಲ್ಲಿರುವ ಕಟ್‌ಔಟ್ ಎಂಬ ವಿದ್ಯುತ್ಕಾಂತವು ಕಬ್ಬಿಣವನ್ನು ಯಾವ ದಿಕ್ಕಿನ ಪ್ರವಾಹದಲ್ಲಿಯೂ ಸೆಳೆಯುವುದರಿಂದ, ಅದು ಮೋಸಹೋಗಿ ಬಾಗಿಲನ್ನು ಮುಚ್ಚುತ್ತದೆ. ಆಗ ಡೈನಮೋವೂ ಬ್ಯಾಟರಿಯೂ ಒಂದನ್ನೊಂದು ಎದುರಿಸುವುದಕ್ಕೆ ಬದಲಾಗಿ ಒಂದರ ಹಿಂದೆ ಒಂದು ನಿಂತು, ಸುಮಾರು ೨೫ ವೋಲ್ಟು ಅತ್ಯಲ್ಪ ರೋಧದ ಮಂಡಲದಲ್ಲಿ ಹರಿಯುತ್ತದೆ. ಕಟ್‌ಔಟಿನ ಸ್ಪರ್ಶಬಿಂದುಗಳು ಕರಗಿ ಅಂಟಿಕೊಳ್ಳುವುದು ಹೀಗೆ.

ಡೈನಮೋ ಸರಿಯಿದ್ದೂ ಬ್ಯಾಟರಿ ತುಂಬದಿದ್ದರೆ ದೋಷವು ಆ ಪೆಟ್ಟಿಗೆಯಲ್ಲಿಯೋ ತಂತಿಗಳಲ್ಲಿಯೋ ಇರಬೇಕು. ಪೆಟ್ಟಿಗೆಯೊಳಗೆ ಎರಡು ವಿದ್ಯುತ್ಕಾಂತಗಳಿವೆ. ಒಂದು ಈಗ ಹೇಳಿದ ಕಟ್‌ಔಟ್. ಡೈನಮೋವಿನ ವೋಲ್ಟೇಜು ಸುಮಾರು ೧೩ಕ್ಕೆ ಏರಿದಾಗ ಅದು ಬಾಗಿಲನ್ನು ಮುಚ್ಚಿ ಬ್ಯಾಟರಿಗೆ ದಾರಿ ಮಾಡುತ್ತದೆ. ಎಂಜಿನ್ನು ನಿಧಾನಿಸಿ ಪ್ರವಾಹ ಹಿಂದಕ್ಕೆ ಹರಿಯತೊಡಗಿದೊಡನೆ ತೆರೆಯುತ್ತದೆ. ಅದರ ಬಿಂದುಗಳು ಅಂಟಿಕೊಂಡರೆ ಎಂಜಿನ್ನು ನಿಂತ ಮೇಲೂ ಆಂಮೀಟರಿನ ಮುಳ್ಳು ಖರ್ಚಿನ ಕಡೆ ಬಲವಾಗಿ ವಾಲಿರುತ್ತದೆ. ರಾತ್ರಿ ಸೋರುವ ಬ್ಯಾಟರಿಯ ಗುಟ್ಟು ಹಲವು ವೇಳೆ ಇದೇ. ಕಂಡೊಡನೆ ಬ್ಯಾಟರಿಯ ತಂತಿಯನ್ನು ಕಳಚಬೇಕು, ಇಲ್ಲವಾದರೆ ಡೈನಮೋ ಸುಟ್ಟುಹೋಗುತ್ತದೆ. ಎರಡನೆಯದು ನಿಯಂತ್ರಕ. ವೋಲ್ಟೇಜು ಮಿತಿಮೀರಿದಾಗ ಅದರ ಬಿಂದುಗಳು ತೆರೆದು ಕ್ಷೇತ್ರಸುರುಳಿಯ ದಾರಿಯಲ್ಲಿ ದೊಡ್ಡದೊಂದು ರೋಧವನ್ನು ಸೇರಿಸುತ್ತವೆ. ಇಳಿದಾಗ ಮತ್ತೆ ಮುಚ್ಚುತ್ತವೆ. ಸೆಕೆಂಡಿಗೆ ಹತ್ತಾರು ಬಾರಿ ನಡೆಯುವ ಈ ಕಂಪನದಿಂದ ವೋಲ್ಟೇಜು ಹದದಲ್ಲಿ ನಿಲ್ಲುತ್ತದೆ. ಬಿಂದುಗಳು ಕೊಳೆಯಾದರೆ ರೋಧವು ಸದಾ ಸೇರಿಕೊಂಡೇ ಇದ್ದು ಡೈನಮೋ ಎದ್ದೇಳುವುದಿಲ್ಲ. ಅಂಟಿಕೊಂಡರೆ ವೋಲ್ಟೇಜು ಕಡಿವಾಣವಿಲ್ಲದೆ ಏರಿ ಬ್ಯಾಟರಿ ಕುದಿಯುತ್ತದೆ. ಮೇಲಿಂದ ಮೇಲೆ ನೀರು ಬೇಡುವ ಬ್ಯಾಟರಿಯನ್ನು ಕಂಡರೆ ಈ ಎರಡನೆಯದನ್ನು ಶಂಕಿಸಬೇಕು. ಇದರ ತಿರುಪನ್ನು ತಯಾರಕರ ಕೈಪಿಡಿಯಿಲ್ಲದೆ ತಿರುಗಿಸುವುದು ಸಲ್ಲದು.

ಪೆಟ್ಟಿಗೆಯನ್ನು ದೂಷಿಸುವ ಮೊದಲು ಅದು ಕೂತಿರುವ ಜಾಗವನ್ನು ನೋಡಬೇಕು. ಟ್ರಾಕ್ಟರಿನಲ್ಲಿ ವಿದ್ಯುತ್ತು ತಂತಿಯಲ್ಲಿ ಹೋಗಿ ಕಬ್ಬಿಣದ ಮೈಯಿಂದ ಹಿಂದಿರುಗುತ್ತದೆ. ಮೈಯ ಜೋಡಣೆಯಲ್ಲಿ ಬಣ್ಣವೋ ತುಕ್ಕೋ ಸೇರಿ ಓಮಿನ ಹತ್ತನೆಯ ಒಂದು ಭಾಗದಷ್ಟು ರೋಧ ಬಂದಿತೆನ್ನೋಣ. ೧೦ ಆಂಪಿಯರು ಹರಿಯುವಾಗ ಅಲ್ಲಿ ೧ ವೋಲ್ಟು ನಷ್ಟವಾಗುತ್ತದೆ. ಹದಿನಾಲ್ಕು ಹುಟ್ಟಿದರೂ ಬ್ಯಾಟರಿಗೆ ದೊರಕುವುದು ಹದಿಮೂರು. ಅಷ್ಟರಿಂದ ಅದು ತುಂಬಲಾರದು. ಸ್ಟಾರ್ಟರಿನ ದಾರಿಯಲ್ಲಿಯಾದರೆ ಇದರ ಹತ್ತನೆಯ ಒಂದು ಭಾಗ, ಎಂದರೆ ೦.೦೧ ಓಮು, ೩೦೦ ಆಂಪಿಯರಿಗೆ ೩ ವೋಲ್ಟನ್ನು ನುಂಗುತ್ತದೆ. ಕಣ್ಣಿಗೆ ಕಾಣದ ಈ ರೋಧವನ್ನು ವೋಲ್ಟ್‌ಮೀಟರು ಕಾಣಬಲ್ಲದು: ಪ್ರವಾಹ ಹರಿಯುತ್ತಿರುವಾಗ ಅದರ ಎರಡು ತಂತಿಗಳನ್ನು ಜೋಡಣೆಯ ಎರಡು ಪಕ್ಕಗಳಿಗೆ ಮುಟ್ಟಿಸಿದರೆ, ಒಳ್ಳೆಯ ಜೋಡಣೆಯಲ್ಲಿ ಮುಳ್ಳು ಹೆಚ್ಚು ಕಡಮೆ ಸೊನ್ನೆಯಲ್ಲಿರುತ್ತದೆ, ಕೆಟ್ಟದರಲ್ಲಿ ಏಳುತ್ತದೆ. ಉಪ್ಪುಕಾಗದದಿಂದ ಉಜ್ಜಿ, ಬಿಗಿದು, ಮೇಲೆ ಸ್ವಲ್ಪ ಗ್ರೀಸನ್ನು ಸವರಿದರೆ ಕೆಲಸ ಮುಗಿಯಿತು. ನನ್ನ ಅಭಿಪ್ರಾಯದಲ್ಲಿ ಈ ಪರೀಕ್ಷೆಯನ್ನು ಬ್ಯಾಟರಿಯ ಪರೀಕ್ಷೆಯ ಹಿಂದೆಯೇ ಮಾಡುವುದು ಜಾಣತನ. ಇದಕ್ಕೆ ತಗಲುವ ವೆಚ್ಚ ಏನೂ ಇಲ್ಲ.

ತ್ಯಾಗರಾಜನಗರದಿಂದ ನಾಲ್ಕೈದು ಕಿಲೋಮೀಟರು ದೂರದ ಜೆ. ಸಿ. ರಸ್ತೆ, ಕಲಾಸಿಪಾಳ್ಯಗಳು ವಾಹನಗಳ ಬಿಡಿಭಾಗಗಳಿಗೆ ಹೆಸರಾದ ಪೇಟೆಗಳು. ಡೈನಮೋವನ್ನು ಹೆಗಲಿಗೇರಿಸಿ ಅಲ್ಲಿಗೆ ಹೋಗುವ ಮುನ್ನ ಒಂದು ಪರೀಕ್ಷೆಯನ್ನು ಅಂಗಳದಲ್ಲಿಯೇ ಮಾಡಬಹುದು. ಪಟ್ಟಿಯನ್ನು ಕಳಚಿ, ಡಿ ಮತ್ತು ಎಫ್‌ಗಳನ್ನು ಜೋಡಿಸಿ, ಅವುಗಳಿಗೆ ಬ್ಯಾಟರಿಯ ಮೈಗೆ ಸೇರದ ಧ್ರುವವನ್ನೂ, ಡೈನಮೋವಿನ ಮೈಗೆ ಇನ್ನೊಂದನ್ನೂ ಕೊಟ್ಟರೆ, ಆರೋಗ್ಯವಂತ ಡೈನಮೋ ಮೋಟಾರಿನಂತೆ ತಾನೇ ನಿಧಾನವಾಗಿ, ಸಮವಾಗಿ ತಿರುಗುತ್ತದೆ. ತಿರುಗಿದರೆ ಬ್ರಷ್ಷು, ಆರ್ಮೇಚರು, ಕ್ಷೇತ್ರ ಮೂರೂ ಬದುಕಿವೆ. ಜೊತೆಗೆ ಶೇಷಕಾಂತತ್ವವೂ ಸರಿಯಾದ ದಿಕ್ಕಿನಲ್ಲಿ ಮರಳುತ್ತದೆ.

ಇಷ್ಟೆಲ್ಲವೂ ಡೈನಮೋ ಇರುವ ಟ್ರಾಕ್ಟರಿಗೆ ಮಾತ್ರ ಅನ್ವಯಿಸುತ್ತದೆ. ಅನಂತರದ ಟ್ರಾಕ್ಟರುಗಳಲ್ಲಿಯೂ, ಮಾರ್ಪಡಿಸಿದ ಅನೇಕ ಹಳೆಯವುಗಳಲ್ಲಿಯೂ ಡೈನಮೋವಿನ ಸ್ಥಾನದಲ್ಲಿ ಆಲ್ಟರ್ನೇಟರು ಕೂತಿದೆ. ಅದರಲ್ಲಿ ಪರ್ಯಾಯ ಪ್ರವಾಹವನ್ನು ಒಂದೇ ದಿಕ್ಕಿಗೆ ತಿರುಗಿಸುವುದು ಅರೆವಾಹಕ ಡಯೋಡುಗಳು. ತುದಿಗಳನ್ನು ಜೋಡಿಸಿಯೋ, ಓಡುತ್ತಿರುವಾಗ ಬ್ಯಾಟರಿಯನ್ನು ಕಳಚಿಯೋ ಪರೀಕ್ಷಿಸಹೊರಟರೆ ಅವು ಕ್ಷಣಾರ್ಧದಲ್ಲಿ ಹಾಳಾಗುತ್ತವೆ. ಪಟ್ಟಿಯ ಹಿಂದೆ ಇರುವುದು ಯಾವುದೆಂದು ಮೊದಲು ನೋಡಿಕೊಳ್ಳಬೇಕು: ಉದ್ದವಾದ, ಮುಚ್ಚಿದ ಉರುಳೆಯಾದರೆ ಡೈನಮೋ, ಗಿಡ್ಡಗೆ ದಪ್ಪವಾಗಿ, ಗಾಳಿಯಾಡುವ ಕಂಡಿಗಳಿದ್ದರೆ ಆಲ್ಟರ್ನೇಟರು.